ಅಕ್ಕರೆಯ ಪಾಲು

ಆ ಊರಿನ ಹೆಸರು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ಅಲ್ಲಿ ನಮ್ಮ ನೆಂಟರಿದ್ದಾರೆ, ಅಂಥವರಲ್ಲ ಬಿಡಿ" ಎಂದು ಜಗಳಕ್ಕೆ ಬರುತ್ತೀರಿ. ಊರು ಒಂದು ಗುಡ್ಡದ ಮೇಲಿತ್ತು ಎಂದಷ್ಟು ತಿಳಿದರೆ ಸಾಕು. ಗುಡ್ಡದ ಮೇಲಿನ ಭಾಗಕ್ಕೆ ಮೇಲ್ಪೇಟೆ ಎಂದೂ ಕೆಳಗಿನ ಭಾಗಕ್ಕೆ ಕೆಳಪೇಟೆ ಎಂದೂ ಹೆಸರು. ಹೆಸರಿಡುವಾಗ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಆ ಊರಿನವರಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ. ಬೆಳಿಗ್ಗೆ ಪೇಟೆಯ ಗಂಟೆ ಹೊಡೆಯಿತೆಂದರೆ ಮೇಲ್ಪೇಟೆಯ ಗಂಡಸರು, ಹೆಂಗಸರು ಎಲ್ಲರೂ ಅಂಗಡಿಗೆ, ಗೋದಾಮಿಗೆ, ಕಚೇರಿಗೆ ದಡಬಡ ಓಡುತ್ತಿದ್ದರು. ನಿಂತೇ ತಿನ್ನುತ್ತಿದ್ದರು, ನಡೆಯುತ್ತಲೇ ಮಾತಾಡುತ್ತಿದ್ದರು, ಮಲಗಿದಾಗಲೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಇಂಥವರಿಗೂ ಮಕ್ಕಳು ಹುಟ್ಟುತ್ತವೆ ನೋಡಿ! ಮಕ್ಕಳಿಗೆ ಗಂಟೆ ಗೊತ್ತಾಗುವುದಿಲ್ಲ, ಅವಸರ ಗೊತ್ತಾಗುವುದಿಲ್ಲ, ಎತ್ತಿಕೊಂಡು ಓಡೋಣವೆಂದರೆ ಕೈ ಸೋಲುತ್ತದೆ. ಹಾಗಾಗಿ ಆ ಮಕ್ಕಳನ್ನು ನೋಡಿಕೊಳ್ಳಲು ಕೆಳಪೇಟೆಯಿಂದ ಹೆಂಗಸರು ಗುಡ್ಡ ಹತ್ತಿ ಬರುತ್ತಿದ್ದರು. ಅವರನ್ನು ಎಲ್ಲ ಕಡೆ ಕರೆಯುವಂತೆ ಅಲ್ಲಿಯೂ ಆಯಾ ಎಂದೇ ಕರೆಯುತ್ತಿದ್ದರು.

ಆಯಾಗಳಿಗೆ ಸಂಬಳ ಕೊಡುವ ವಿಚಾರದಲ್ಲಿ ಆ ಊರಿಗೆ ಒಂದು ಪದ್ಧತಿ ಇತ್ತು. ಹಿಂದೆ ಯಾವಾಗಲೋ ಮೇಲ್ಪೇಟೆಯ ಹಿರಿಯರು ಚಾವಡಿಯಲ್ಲಿ ಕೂತು, ಕೂತರೆಂದರೆ ಅದೊಂದು ದಿನ ಮಾತ್ರ, ಬಹಳ ಯೋಚನೆ ಮಾಡಿದರಂತೆ. ಆಯಾ ಕೊಡುವುದು ಎರಡು: ಒಂದು ಕೆಲಸ, ಇನ್ನೊಂದು ಅಕ್ಕರೆ. ತೊಳೆಯುವುದು, ಉಣಿಸುವುದು, ತೂಗುವುದು ಕೆಲಸ, ಅದಕ್ಕೆ ದುಡ್ಡು ಕೊಡಲೇಬೇಕು. ಆದರೆ ಅಕ್ಕರೆಗೆ ಬೆಲೆ ಕಟ್ಟಲಾಗುತ್ತದೆಯೇ? ಆಗುವುದಿಲ್ಲ. ಬೆಲೆ ಕಟ್ಟಲಾಗದ್ದಕ್ಕೆ ದುಡ್ಡು ಕೊಡುವುದು ಹೇಗೆ? ಅದೂ ಅಲ್ಲದೆ, ಮಗು ತಿರುಗಿ ಆಯಾಗೆ ಅಕ್ಕರೆ ತೋರಿಸಿತೆಂದರೆ ಅವಳಿಗೆ ಬರಬೇಕಾದ್ದರಲ್ಲಿ ಒಂದು ಪಾಲು ಆಗಲೇ ಬಂದಂತಾಯಿತು. ಅದನ್ನೇ ದುಡ್ಡಿನಲ್ಲಿ ಇನ್ನೊಮ್ಮೆ ಯಾಕೆ ಕೊಡಬೇಕು? ಎಂಥ ತಲೆ ಅಂತೀನಿ! ಯಾರೂ ತಿರುಗಿ ಮಾತಾಡಲಿಲ್ಲ, ಪದ್ಧತಿ ಊರಲ್ಲಿ ನಿಂತಿತು.

ತಿಂಗಳ ಕೊನೆಯ ದಿನ ಪ್ರತಿ ಮನೆಗೂ ಚಾವಡಿಯಿಂದ ಒಬ್ಬ ಬರುತ್ತಿದ್ದ. ಅವನಿಗೆ ನಡುವಿನವನು ಎಂದೇ ಹೆಸರು. ಅವನು ಪಡಸಾಲೆಯ ಮಧ್ಯೆ ಚಾಪೆ ಹಾಸಿ ಮಗುವನ್ನು ಕೂರಿಸುತ್ತಿದ್ದ. ಒಂದು ಕಡೆ ತಾಯಿ, ಇನ್ನೊಂದು ಕಡೆ ಆಯಾ, ಇಬ್ಬರೂ ತೋಳು ಚಾಚಿ ಕೂರಬೇಕು. ಮಗು ತಾಯಿಯ ಕಡೆ ಹೋದರೆ ಆಯಾಗೆ ಪೂರ್ತಿ ಸಂಬಳ. ಆಯಾಳ ಕಡೆ ಹೋದರೆ ಅರ್ಧಕ್ಕರ್ಧ ಮುರಿದುಕೊಳ್ಳುತ್ತಿದ್ದರು. ಹಾಗೆ ಮುರಿದದ್ದಕ್ಕೆ ಅಕ್ಕರೆಯ ಪಾಲು ಎನ್ನುತ್ತಿದ್ದರು. ಮಗು ತನ್ನ ಕಡೆ ಬರಲಿಲ್ಲವೆಂದು ತಾಯಿಗೆ ದುಃಖ, ಅರ್ಧ ಸಂಬಳ ಉಳಿಯಿತೆಂದು ಸಮಾಧಾನ. ಹೀಗೆ ಮೇಲ್ಪೇಟೆಯ ಹೆಂಗಸರು ತಿಂಗಳಿಗೊಮ್ಮೆ ಒಂದೇ ಕಣ್ಣಲ್ಲಿ ಅಳುತ್ತಿದ್ದರು.

ಈ ಊರಿನ ಕೆಳಪೇಟೆಯಲ್ಲಿ ಕೊಟ್ರವ್ವ ಎಂಬವಳೊಬ್ಬಳಿದ್ದಳು. ಗಂಡ ಕಾಲುವೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳಿಗೆ ಉಳಿದಿದ್ದು ನಿಂಗಿ ಎಂಬ ಎರಡು ವರ್ಷದ ಮಗಳು. ಕೊಟ್ರವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಆ ಘಾಟಿನಲ್ಲಿ ಮಗುವನ್ನು ಇಟ್ಟುಕೊಳ್ಳುವುದು ಆಗದ ಮಾತು. ಅದಕ್ಕೇ ನಿಂಗಿಯನ್ನು ಓಣಿಯ ಕೊನೆಯ ದ್ಯಾಮಜ್ಜಿಯ ಹತ್ತಿರ ಬಿಡುತ್ತಿದ್ದಳು. ದ್ಯಾಮಜ್ಜಿ ಹಿಂದುಮುಂದಿಲ್ಲದ ಮುದುಕಿ, ಮಗು ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಆರು ಬೆಳ್ಳಿ ನಾಣ್ಯ ತೆಗೆದುಕೊಳ್ಳುತ್ತಿದ್ದಳು.

ಮೇಲ್ಪೇಟೆಯ ಹಳೇ ಸೀರೆಗಳು ಕೆಳಗೆ ಇಳಿದು ಬರುವಂತೆ ಅಲ್ಲಿನ ಪದ್ಧತಿಯೂ ಇಳಿದು ಬಂದಿತ್ತು. ನಡುವಿನವನನ್ನು ಕರೆಸಿದರೆ ಊಟ ಹಾಕಬೇಕು, ಅದು ಕೆಳಪೇಟೆಯವರ ಕೈಲಾಗದು. ಅದಕ್ಕೆ ಅವರು ಅಂಗಳದಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದು ಅದರ ಮೇಲೆ ಮಗುವನ್ನು ಕೂರಿಸುತ್ತಿದ್ದರು. ನಿಂಗಿ ಮಾತ್ರ ಒಂದು ತಿಂಗಳೂ ತಪ್ಪಿದವಳಲ್ಲ. ಕೊಟ್ರವ್ವ ತೋಳು ಚಾಚಿದ್ದೇ ತಡ, "ಯವ್ವಾ" ಎಂದು ಓಡಿ ಬಂದು ಕತ್ತಿಗೆ ಜೋತು ಬೀಳುತ್ತಿದ್ದಳು. ದಿನವೆಲ್ಲ ಮೆಣಸಿನಕಾಯಿ ಘಾಟಿನಲ್ಲಿ ಉರಿದ ಆ ಹೆಂಗಸಿಗೆ ಸ್ವರ್ಗ ಎಂದರೆ ಅದೇ. ಮಗಳು ತನ್ನ ಕಡೆ ಬಂದಳೆಂದರೆ ದ್ಯಾಮಜ್ಜಿಗೆ ಪೂರ್ತಿ ಆರು ಕೊಡಬೇಕು. ಕೊಡುವಾಗ ಅವಳಿಗೆ ಒಂದು ಚೂರೂ ಸಂಕಟವಾಗುತ್ತಿರಲಿಲ್ಲ. "ನನ್ನ ಮಗಳಿಗೆ ಹೆತ್ತವಳು ಯಾರು ಅಂತ ಗೊತ್ತು ಕಣ್ರೇ" ಎಂದು ಓಣಿಯ ಉದ್ದಕ್ಕೂ ಹೇಳಿಕೊಂಡು ಬರುತ್ತಿದ್ದಳು.

ಹೀಗಿರುವಾಗ ಒಂದು ದಿನ ಗೋದಾಮು ಮುಚ್ಚಿತು. ಸಾಹುಕಾರ ಬೇರೆ ಊರಿನಲ್ಲಿ ಬೇರೆ ವ್ಯಾಪಾರ ಹಿಡಿದನಂತೆ. ಕೊಟ್ರವ್ವ ಎರಡು ದಿನ ಮನೆಯಲ್ಲೇ ಹೊರಗೆ ಒಳಗೆ ಓಡಾಡಿ, ಮೂರನೆಯ ದಿನ ಆಯಾಗಳು ಕೆಲಸಕ್ಕೆ ಕಾಯುತ್ತ ಕೂರುವ ಕಟ್ಟೆಗೆ ಹೋದಳು.

ಆ ಕಟ್ಟೆಯ ಮೇಲೂ ಒಂದು ರೀತಿ ಇತ್ತು. ಮೇಲ್ಪೇಟೆಯ ಅಮ್ಮಾರು ಬಂದು "ಎಷ್ಟು ಕೊಡಬೇಕು?" ಎಂದು ಕೇಳಿದರೆ ಕೂತವರು "ನೀವೇ ನೋಡಿ ಕೊಡಿ ಅಮ್ಮಾರೆ" ಎನ್ನಬೇಕು. ಬಾಯಿಬಿಟ್ಟು ಇಷ್ಟು ಎಂದು ಹೇಳಿದವಳನ್ನು ಬಾಯಿಬಡುಕಿ ಎನ್ನುತ್ತಿದ್ದರು, ದುಡ್ಡಿನ ಮೇಲೆ ಕಣ್ಣಿದ್ದವಳು ಮಗುವನ್ನು ಏನು ನೋಡಿಕೊಂಡಾಳು ಎನ್ನುತ್ತಿದ್ದರು. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಬಟ್ಟೆ ಅಂಗಡಿಯವನು ಸೀರೆಗೆ ಇಷ್ಟು ಎಂದರೆ ಅವನಿಗೆ ಸೀರೆಯ ಮೇಲೆ ಪ್ರೀತಿ ಇಲ್ಲ ಎಂದು ಯಾರೂ ಅನ್ನುವುದಿಲ್ಲ.

ಬಂಗಾರದ ಅಂಗಡಿಯ ಯಜಮಾನ್ತಿ ಅವಸರದಲ್ಲಿ ಬಂದಳು. ಕಟ್ಟೆಯನ್ನು ಒಮ್ಮೆ ನೋಡಿ, ಗಟ್ಟಿಮುಟ್ಟಾಗಿದ್ದಾಳೆಂದು ಕೊಟ್ರವ್ವನ ಮುಂದೆ ನಿಂತಳು.

"ಒಂದೂವರೆ ವರ್ಷದ ಗಂಡುಮಗು. ಬೆಳಿಗ್ಗೆ ಗಂಟೆಯಿಂದ ಸಂಜೆ ಗಂಟೆಯವರೆಗೆ. ಎಷ್ಟು ಕೊಡಬೇಕು?"

"ಹನ್ನೆರಡು ಬೆಳ್ಳಿ," ಎಂದಳು ಕೊಟ್ರವ್ವ.

ಕಟ್ಟೆಯ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಜಮಾನ್ತಿಯ ಹುಬ್ಬು ಮೇಲೇರಿತು.

"ಏನವ್ವಾ, ಮಗು ನೋಡ್ಕೊಳ್ಳೋಕೆ ಕೇಳ್ತಿದ್ದೀಯೋ, ಮನೆ ಕೊಂಡ್ಕೊಳ್ಳೋಕೋ?"

"ಆರು ನನ್ನ ಮಗಳನ್ನ ನೋಡ್ಕೊಳ್ಳೋ ಅಜ್ಜಿಗೆ. ಆರು ಬಾಡಿಗೆಗೆ, ಹೊಟ್ಟೆಗೆ. ಇದರಾಗೆ ಕಮ್ಮಿ ಮಾಡೋಕೆ ಏನೈತೆ ನೀವೇ ಹೇಳಿ."

ಯಜಮಾನ್ತಿ ಒಂದು ಗಳಿಗೆ ಯೋಚಿಸಿದಳು. ಅವಳು ವ್ಯಾಪಾರದವಳು. ಹನ್ನೆರಡು ಎಂದು ಒಪ್ಪಿಕೊಂಡರೂ ತಿಂಗಳ ಕೊನೆಗೆ ಆರೇ ಆಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೊದಲಿನ ಆಯಾಗಳಿಗೆ ಹಾಗೇ ಆಗಿ, ಅರ್ಧ ಸಂಬಳ ಸಾಲದೆ ಬಿಟ್ಟು ಹೋಗಿದ್ದರು.

"ಆಗಲಿ, ಹನ್ನೆರಡು," ಎಂದಳು. "ಆದರೆ ನೀನು ನಮ್ಮನೆಯವಳ ಹಾಗೇ ಇರಬೇಕು, ತಿಳೀತಾ?"

"ಆಯಾ ಹಂಗೆ ಇರ್ತೀನಿ ಅಮ್ಮಾರೆ," ಎಂದಳು ಕೊಟ್ರವ್ವ.

ಯಜಮಾನ್ತಿ ಮುಂದೆ ಹೊರಟಾಗ ಪಕ್ಕದಲ್ಲಿ ಕೂತಿದ್ದ ಸಿದ್ದವ್ವ ಕೊಟ್ರವ್ವನ ಸೆರಗು ಜಗ್ಗಿದಳು. ಈ ಸಿದ್ದವ್ವ ಮೇಲ್ಪೇಟೆಯ ಎಷ್ಟೋ ಮಕ್ಕಳನ್ನು ಸಾಕಿ ಹಣ್ಣಾದವಳು. "ಏ ಹುಡುಗಿ, ನೀನು ಎಷ್ಟಾದ್ರೂ ಕೇಳು. ಕೊಡೋದು ಅಮ್ಮಾರಲ್ಲ, ಮಗು," ಎಂದಳು.

"ಮಗು ತಾಯಿ ಕಡೆಗೇ ಹೋಗ್ತದೆ ಬಿಡಕ್ಕಾ. ನನ್ನ ನಿಂಗಿ ನೋಡಿಲ್ವಾ? ಮೂರು ಹೊತ್ತು ಅಜ್ಜಿ ಹತ್ರ ಇರ್ತಾಳೆ, ಆದ್ರೆ ನನ್ನ ಕಂಡ್ರೆ ಹೆಂಗೆ ಓಡಿ ಬರ್ತಾಳೆ. ಕರುಳು ಅನ್ನೋದು ಒಂದು ಇರ್ತದಲ್ಲ."

ಸಿದ್ದವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಎಲೆ ಅಡಿಕೆ ಹಾಕಿಕೊಂಡಳು.

ಆ ಮಗುವಿಗೆ ಮನೆದೇವರ ಹೆಸರು, ಅಜ್ಜನ ಹೆಸರು ಎಲ್ಲ ಸೇರಿಸಿ ಬಹಳ ಉದ್ದದ ಹೆಸರಿಟ್ಟಿದ್ದರು. ಅಷ್ಟುದ್ದ ಕರೆಯಲು ಆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರೂ ಪಾಪು ಎನ್ನುತ್ತಿದ್ದರು. ಪಾಪುವಿಗೆ ಮೊದಲ ವಾರ ಅಳುವುದೇ ಕೆಲಸ. ಕೊಟ್ರವ್ವ ಅವನನ್ನು ಸೊಂಟಕ್ಕೇರಿಸಿ ಹಿತ್ತಲಲ್ಲಿ ತಿರುಗಿದಳು, ಕೋಳಿ ತೋರಿಸಿದಳು, ಅನ್ನಕ್ಕೆ ತುಪ್ಪ ಬೆಲ್ಲ ಕಲಸಿ ಬೆರಳಲ್ಲೇ ನೆಕ್ಕಿಸಿದಳು. ಎರಡನೆಯ ವಾರ ಅವನು ಅವಳ ಬಳೆ ಹಿಡಿದು ನಿದ್ದೆ ಮಾಡಿದ. ಮೂರನೆಯ ವಾರ ಬೆಳಿಗ್ಗೆ ಅವಳು ಬಾಗಿಲಿಗೆ ಬರುವ ಮೊದಲೇ ಹೊಸ್ತಿಲಲ್ಲಿ ಕೂತು ಕಾಯತೊಡಗಿದ. ಅವನ ತಾಯಿ ಪಕ್ಕದಲ್ಲೇ ಓಡಾಡುತ್ತ ಒಂದು ಕಿವಿಗೆ ಓಲೆ ಹಾಕಿಕೊಂಡು ಇನ್ನೊಂದನ್ನು ದಾರಿಯಲ್ಲಿ ಹಾಕಿಕೊಳ್ಳೋಣವೆಂದು ಹೊರಡುತ್ತಿದ್ದಳು.

ತಿಂಗಳ ಕೊನೆ ಬಂತು. ನಡುವಿನವನು ಬಂದ, ಚಾಪೆ ಹಾಸಿದ. ಯಜಮಾನ್ತಿ ಅಂಗಡಿಯಿಂದ ಓಡಿ ಬಂದು ಏದುಸಿರು ಬಿಡುತ್ತ ತೋಳು ಚಾಚಿದಳು. ಕೊಟ್ರವ್ವ ಪದ್ಧತಿಯ ಪ್ರಕಾರ ಚಾಚಬೇಕಲ್ಲ ಎಂದು ಚಾಚಿದಳು. ಪಾಪು ಆ ಕಡೆ ನೋಡಿದ, ಈ ಕಡೆ ನೋಡಿದ, ಬಾಯಿ ತುಂಬ ನಕ್ಕು ಕೊಟ್ರವ್ವನ ಮಡಿಲಿಗೆ ಬಂದು ಬಿದ್ದ.

"ಅಕ್ಕರೆಯ ಪಾಲು ಅರ್ಧ," ಎಂದ ನಡುವಿನವನು.

ನಿಜ ಹೇಳಬೇಕೆಂದರೆ ಮಗು ಬಂದು ಬಿದ್ದ ಆ ಕ್ಷಣದಲ್ಲಿ ಕೊಟ್ರವ್ವನಿಗೆ ಸಂತೋಷವೇ ಆಗಿತ್ತು, ಬಹಳ ಆಗಿತ್ತು. ಆಮೇಲೆ ಕೈಗೆ ಆರು ಬೆಳ್ಳಿ ಬಂದಾಗ ಸಂತೋಷ ಇಳಿಯಿತು. ಗುಡ್ಡ ಇಳಿಯುವಾಗ ಅವಳಿಗೆ ಯಜಮಾನ್ತಿಯ ಮೇಲೆ ಕನಿಕರವೂ ಬಂತು. ಪಾಪ, ಹೆತ್ತ ಮಗುವೇ ಗುರುತು ಹಿಡಿಯಲಿಲ್ಲವಲ್ಲ, ಎಂಥ ಬಾಳು ಎಂದುಕೊಂಡಳು. ಕೆಳಗೆ ದ್ಯಾಮಜ್ಜಿಯ ಅಂಗಳದಲ್ಲಿ ನಿಂಗಿ ಎಂದಿನಂತೆ ಓಡಿ ಬಂದು ಅವಳ ಕತ್ತಿಗೆ ಜೋತುಬಿದ್ದಳು. ಕೊಟ್ರವ್ವ ಆರೂ ಬೆಳ್ಳಿಯನ್ನು ಅಜ್ಜಿಗೆ ಕೊಟ್ಟು, ಪಕ್ಕದ ಮನೆಯಲ್ಲಿ ಜೋಳ ಕಡ ತಂದು ರೊಟ್ಟಿ ಬಡಿದಳು.

ಎರಡನೆಯ ತಿಂಗಳು ಅವಳು ಗಟ್ಟಿ ಮನಸ್ಸು ಮಾಡಿದಳು. ನಗಬಾರದು, ಹಾಡಬಾರದು, ಕೆಲಸ ಅಷ್ಟೇ ಮಾಡಬೇಕು. ಆದರೆ ಒಂದೂವರೆ ವರ್ಷದ ಮಗುವಿನ ಮುಂದೆ ಮುಖ ಗಂಟಿಕ್ಕಿಕೊಂಡು ಇರುವುದು ಹೇಳಿದಷ್ಟು ಸುಲಭವಲ್ಲ. ಅವಳು ಗಂಟಿಕ್ಕಿದಷ್ಟೂ ಪಾಪು ಅದೊಂದು ಹೊಸ ಆಟವೆಂದು ಕೇಕೆ ಹಾಕಿದ. ತಾನೂ ಹುಬ್ಬು ಗಂಟಿಕ್ಕಿ ತೋರಿಸಿದ. ಅವಳಿಗೆ ತಡೆಯಲಾಗದೆ ನಗು ಬಂತು, ಅಲ್ಲಿಗೆ ಎಲ್ಲ ಮುಗಿಯಿತು. ತಿಂಗಳ ಕೊನೆಗೆ ಮತ್ತೆ ಅವಳ ಮಡಿಲಿಗೇ ಬಂದ, ಮತ್ತೆ ಆರೇ ಬೆಳ್ಳಿ.

ಆ ದಿನ ಅವಳು ನಡುವಿನವನನ್ನು ಪಡಸಾಲೆಯ ಮೆಟ್ಟಿಲಲ್ಲಿ ಅಡ್ಡಗಟ್ಟಿದಳು.

"ಅಣ್ಣಾ, ಮಗು ಚೆನ್ನಾಗಿ ನೋಡ್ಕೊಂಡಿದ್ದಕ್ಕೆ ಸಂಬಳ ಮುರೀತೀರಲ್ಲ, ಇದು ಯಾವ ನ್ಯಾಯ?"

"ನನ್ನನ್ನ ಕೇಳಬೇಡಮ್ಮ. ನಾನು ನಡುವಿನವನು. ನನಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ."

"ಹಂಗಾದ್ರೆ ಒಂದು ದಿನ ನಮ್ಮ ಕಡೆ ಬಂದು ಊಟ ಮಾಡಿ ಹೋಗು."

ಅವನು ಮುಗುಳ್ನಕ್ಕ. ಅಷ್ಟರಲ್ಲಿ ಒಳಗಿನಿಂದ ಎಲೆ ಹಾಕಿದ್ದೇವೆಂದು ಕರೆದರು, ಕೈ ತೊಳೆಯಲು ಹೋದ.

ಬಾಡಿಗೆ ಬಾರದ್ದಕ್ಕೆ ಮನೆಯ ಮಾಲೀಕ ಆಗಲೇ ಕೊಟ್ರವ್ವನ ಪಾತ್ರೆ ಪಡಗ ಹೊರಗಿಟ್ಟಿದ್ದ. ಅವನ ಕೈಗೆ ಮೂರು ಬೆಳ್ಳಿ ಹಾಕಿ ಕಾಲು ಹಿಡಿದು ಪಾತ್ರೆ ಒಳಗಿಡಿಸಿದಳು. ಉಳಿದ ಮೂರು ತಂದು ದ್ಯಾಮಜ್ಜಿಯ ಮುಂದಿಟ್ಟಳು. ಅಜ್ಜಿ ಅದನ್ನು ಮುಟ್ಟಲಿಲ್ಲ.

"ನಿಂಗಿ ನಿನ್ನ ಕಡೆಗೇ ಬಂದ್ಲಲ್ಲ? ಪೂರ್ತಿ ಕೊಡು."

"ಅಜ್ಜಿ, ಮೇಲೆ ಮುರ್ಕೊಂಡ್ರು. ಬರೋ ತಿಂಗಳು ಸೇರಿಸಿ ಕೊಡ್ತೀನಿ."

"ನೋಡು ಮಗಳೇ, ನನ್ನ ಹೊಟ್ಟೆ ಬರೋ ತಿಂಗಳವರೆಗೆ ಕಾಯಲ್ಲ," ಎಂದಳು ದ್ಯಾಮಜ್ಜಿ. ಅವಳೇನು ಕೆಟ್ಟವಳಲ್ಲ. "ಈ ಒಂದು ಸಲ ಬಿಟ್ಟೆ. ಬರೋ ತಿಂಗಳು ಆರೂ ಮೂರೂ ಸೇರಿ ಒಂಬತ್ತು ಬರಲಿಲ್ಲ ಅಂದ್ರೆ ನಿನ್ನ ಮಗಳನ್ನ ನೀನೇ ಇಟ್ಕೋ. ಅವಳ ಜಾಗದಾಗೆ ದುಡ್ಡು ಕೊಡೋ ಬೇರೆ ಮಗು ಬರ್ತದೆ."

ನಿಂಗಿಯನ್ನು ತಾನೇ ಇಟ್ಟುಕೊಂಡರೆ ಕೆಲಸಕ್ಕೆ ಹೋಗುವಂತಿಲ್ಲ. ಸ್ವಂತ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ಆಯಾಳನ್ನು ಮೇಲ್ಪೇಟೆಯ ಯಾವ ಮನೆಯೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಕೆಲಸ ಬಿಟ್ಟರೆ ಇಬ್ಬರಿಗೂ ಉಪವಾಸ, ಬೀದಿ. ಅವಳ ಪ್ರಾಣವೆಲ್ಲ ಈಗ ಒಂದು ಮಾತಿನ ಮೇಲೆ ನಿಂತಿತ್ತು: ಪಾಪು ಅವಳನ್ನು ಬೇಡ ಎನ್ನಬೇಕು.

ಮೂರನೆಯ ತಿಂಗಳು ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಾಪುವನ್ನು ಎತ್ತಿಕೊಂಡು ಹಿತ್ತಿಲಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಿಲಿಗೆ ಅಲೆದಳು. ಅವನು ಕೆನ್ನೆಗೆ ಕೆನ್ನೆ ಒತ್ತಿದಾಗಲೆಲ್ಲ ಎದೆ ಹೊಡೆದುಕೊಂಡಿತು. ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಹಿತ್ತಿಲ ಬೇವಿನ ಮರದ ಕೆಳಗೆ ನಿಂತು, ಒಂದು ಹಿಡಿ ಎಲೆ ಕಿತ್ತು, ಕಲ್ಲಿನ ಮೇಲೆ ಅರೆದು ರಸವನ್ನು ಬೆರಳುಗಳಿಗೆ ಹಚ್ಚಿಕೊಂಡಳು. ಮಕ್ಕಳಿಗೆ ಎದೆಹಾಲು ಬಿಡಿಸುವಾಗ ತಾಯಂದಿರು ಮಾಡುವುದನ್ನೇ ಅವಳು ಮಾಡಿದ್ದು. ನಿಂಗಿಗೂ ಹಾಗೇ ಬಿಡಿಸಿದ್ದಳು. ಆದರೆ ಆಗ ಮಗು ಅನ್ನ ತಿಂದು ಬೆಳೆಯಲಿ ಎಂದು ಮಾಡಿದ್ದು, ಈಗ ಏನು ಬೆಳೆಯಲಿ ಎಂದು ಮಾಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಮೊದಲ ತುತ್ತಿಗೆ ಪಾಪು ಮುಖ ಕಿವುಚಿದ. ಉಗುಳಿದ. ಅವಳ ಮುಖ ನೋಡಿದ. ಮತ್ತೆ ಬಾಯಿ ತೆರೆದ! ಅದೇ ನೋಡಿ ಅವಳಿಗೆ ತಡೆಯಲಾಗದೇ ಹೋಗಿದ್ದು. ಈ ಕೈ ಕಹಿ ಕೊಡುವ ಕೈ ಅಲ್ಲ, ಏನೋ ತಪ್ಪಾಗಿದೆ, ಇನ್ನೊಂದು ಸಲ ನೋಡೋಣ ಎಂಬಂತೆ ಆ ಮಗು ಮತ್ತೆ ಮತ್ತೆ ಬಾಯಿ ತೆರೆಯಿತು. ಅವಳು ಮತ್ತೆ ಮತ್ತೆ ಕಹಿಯನ್ನೇ ಇಟ್ಟಳು. ಸಂಜೆ ಬಾವಿಕಟ್ಟೆಯಲ್ಲಿ ಕೂತು ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡು ಅತ್ತಳು. ಮರುದಿನ ಮತ್ತೆ ಎಲೆ ಕಿತ್ತಳು.

ನಾಲ್ಕನೆಯ ದಿನಕ್ಕೆ ಪಾಪು ಅವಳ ಕೈ ಕಂಡರೆ ಕತ್ತು ತಿರುಗಿಸತೊಡಗಿದ. ಹಾಡಿದರೂ ಬರಲಿಲ್ಲ. ಕಂಬದ ಹಿಂದೆ ನಿಂತು ಇವಳನ್ನೇ ನೋಡುತ್ತಿದ್ದ.

ತಿಂಗಳ ಕೊನೆಯ ದಿನ ಚಾಪೆಯ ಮೇಲೆ ಕೂತ ಪಾಪು ಕೊಟ್ರವ್ವನ ಚಾಚಿದ ಕೈಗಳನ್ನು ನೋಡಿ ತುಟಿ ಸೊಟ್ಟ ಮಾಡಿದ. ಜೋರಾಗಿ ಅಳುತ್ತ ಎದ್ದು ಓಡಿ ಹೋಗಿ ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡ.

"ಪೂರ್ತಿ ಹನ್ನೆರಡು," ಎಂದ ನಡುವಿನವನು, ಯಾವುದೇ ಕಡೆ ಇಲ್ಲದ ದನಿಯಲ್ಲಿ.

ಯಜಮಾನ್ತಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ಮನೆಯೆಲ್ಲ ಸುತ್ತಿದಳು. ಅಡಿಗೆಯವನನ್ನು ಕರೆದು ತೋರಿಸಿದಳು, ಕಿಟಕಿಯಲ್ಲಿ ಬಗ್ಗಿ ಪಕ್ಕದ ಮನೆಯವಳನ್ನು ಕೂಗಿದಳು. ಅಂಗಡಿಗೆ ತಡವಾಯಿತೆಂಬುದೂ ನೆನಪಿರಲಿಲ್ಲ. ಹನ್ನೆರಡು ಬೆಳ್ಳಿಯನ್ನು ಲೆಕ್ಕ ಹಾಕದೆ ಕೊಟ್ರವ್ವನ ಕೈಗಿಟ್ಟು, ಮೇಲೊಂದು ರೇಷ್ಮೆ ರವಿಕೆಯನ್ನೂ ಕೊಟ್ಟಳು.

"ನೋಡಿದೆಯೇನೆ ಕೊಟ್ರವ್ವ! ದಿನವೆಲ್ಲ ನಿನ್ನ ಹತ್ತಿರ ಇದ್ದರೂ ನನ್ನ ಮಗನಿಗೆ ಹೆತ್ತವಳು ಯಾರು ಅಂತ ಗೊತ್ತು. ಕರುಳು ಅನ್ನೋದು ಒಂದು ಇರುತ್ತದಲ್ಲ."

"ಹೌದು ಅಮ್ಮಾರೆ," ಎಂದಳು ಕೊಟ್ರವ್ವ.

ಗುಡ್ಡದ ಮೆಟ್ಟಿಲು ಇಳಿಯುವಾಗ ಸೆರಗಿನ ಗಂಟು ಭಾರವಾಗಿತ್ತು. ಮಗಳು ಉಳಿದಳು, ಕೆಲಸ ಉಳಿಯಿತು, ಸಂತೋಷಪಡಬೇಕು. ಆದರೆ ಯಜಮಾನ್ತಿಯ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಹೆಜ್ಜೆಗೊಮ್ಮೆ ಚುಚ್ಚತೊಡಗಿತು. ಆ ಮಾತನ್ನು ತಾನು ಎಲ್ಲೋ ಕೇಳಿದ್ದೇನೆ. ಆ ಮುಖದ ಹೊಳಪನ್ನೂ ಎಲ್ಲೋ ಕಂಡಿದ್ದೇನೆ. ಅರ್ಧ ದಾರಿಯಲ್ಲಿ ಅವಳಿಗೆ ನೆನಪಾಯಿತು. ಕೇಳಿದ್ದಲ್ಲ, ತಾನೇ ಹೇಳಿದ್ದು. ಓಣಿಯ ಉದ್ದಕ್ಕೂ, ಕಟ್ಟೆಯ ಮೇಲೆ, ಸಿದ್ದವ್ವನ ಮುಂದೆ, ಅಕ್ಷರ ಬಿಡದೆ ಅದೇ ಮಾತು. ಅವಳು ನಡಿಗೆ ಚುರುಕು ಮಾಡಿದಳು. ಕೊನೆಕೊನೆಗೆ ಓಡತೊಡಗಿದಳು.

ದ್ಯಾಮಜ್ಜಿಯ ಅಂಗಳದಲ್ಲಿ ಇದ್ದಿಲ ಗೆರೆ ಎಳೆದು ಸಿದ್ಧವಾಗಿತ್ತು. ನಿಂಗಿ ಅದರ ಮೇಲೆ ಒಬ್ಬಳೇ ಕೂತಿದ್ದಳು. ಕೊಟ್ರವ್ವ ಮಂಡಿಯೂರಿ ತೋಳು ಚಾಚಿದಳು. "ಯವ್ವಾ" ಎಂದು ನಿಂಗಿ ಓಡಿ ಬಂದು ಕತ್ತಿಗೆ ಜೋತುಬಿದ್ದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಸಿರು ಕಟ್ಟುವಂತಾಯಿತು. ಈ ಬಿಗಿಯನ್ನೇ ಕೊಟ್ರವ್ವ ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದಳು. ಇವತ್ತು ಮೊದಲ ಸಲ ಅದರಲ್ಲಿ ಹೆದರಿಕೆಯೂ ಇದೆ ಎನಿಸಿತು. ಮಗಳ ಭುಜದ ಮೇಲಿಂದ ಅವಳು ದ್ಯಾಮಜ್ಜಿಯನ್ನು ನೋಡಿದಳು. ಅಜ್ಜಿ ಬೇರೆ ಕಡೆ ತಿರುಗಿ ಕೂತಿದ್ದಳು.

"ಅಜ್ಜಿ, ನೀ ಏನು ಮಾಡ್ತಿ?"

"ಏನು ಅಂದ್ರೆ?"

"ನನ್ನ ಮಗಳಿಗೆ. ತಿಂಗಳ ಕೊನೆಗೆ. ಏನು ಮಾಡ್ತಿ ಹೇಳು."

"ಹೊಡಿಯಲ್ಲ ಬಡಿಯಲ್ಲ, ಆಣೆ ಮಾಡ್ತೀನಿ," ಎಂದಳು ದ್ಯಾಮಜ್ಜಿ. "ಕಡೇ ನಾಕು ದಿನ ಎತ್ಕೊಳ್ಳಲ್ಲ, ಅಷ್ಟೇ. ಹತ್ರ ಬಂದ್ರೆ ಮುಖ ತಿರುಗಿಸ್ತೀನಿ. ಅಜ್ಜೀ ಅಜ್ಜೀ ಅಂತ ಹಿಂದಿಂದೆ ಬರ್ತಾಳೆ, ಮಾತಾಡ್ಸಲ್ಲ. ನೀನು ಬರೋ ಹೊತ್ತಿಗೆ ಯಾರಾದ್ರೂ ಎತ್ಕೊಂಡ್ರೆ ಸಾಕು ಅನ್ನಂಗೆ ಆಗಿರ್ತಾಳೆ."

"ಪ್ರತಿ ತಿಂಗಳೂ?"

"ಪ್ರತಿ ತಿಂಗಳೂ. ಎಲ್ಲಾರೂ ಒಂದಲ್ಲ ಒಂದು ಮಾಡ್ತಾರೆ. ನೀನು ಹನ್ನೆರಡು ತಂದಿದ್ದೀಯಲ್ಲ, ನೀನೇನು ಮಾಡ್ದೆ ಅಂತ ನಾನು ಕೇಳಿದ್ನಾ?"

ಕೊಟ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಮುದುಕಿಯ ಕೂದಲು ಹಿಡಿದು ಎಳೆಯಬೇಕೆನಿಸಿತು. ಆದರೆ ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ಗೊತ್ತಾಗಲಿಲ್ಲ, ಇಳಿಸಲು ಹೊರಟರೆ ಅದು ತನ್ನ ತಲೆಯ ಮೇಲೇ ಇಳಿಯುತ್ತಿತ್ತು. ನಿಂಗಿ ಅವಳ ಕತ್ತು ಬಿಡದೆ ಬಿಕ್ಕುತ್ತಿದ್ದಳು.

"ಬ್ಯಾಡ ಅಂದ್ರೆ ಬಿಡ್ತೀನಿ," ಎಂದಳು ದ್ಯಾಮಜ್ಜಿ. "ನನಗೇನು ಇದು ಹಬ್ಬನಾ? ಈ ನಾಕು ದಿನ ನನಗೆ ಗಂಜಿ ಇಳಿಯಲ್ಲ. ಬರೋ ತಿಂಗಳಿಂದ ಸುಮ್ನೆ ಇರ್ತೀನಿ. ಅವಳು ನನ್ನ ಕಡೆ ಬರ್ತಾಳೆ, ನೀನು ಅರ್ಧ ಕೊಡು. ನಿನಗೂ ಮೂರು ಉಳೀತದೆ, ಕಷ್ಟದಾಗಿದ್ದಿ."

ಮೂರು ಬೆಳ್ಳಿ ಎಂದರೆ ಕಡ ತಂದ ಜೋಳದ ಸಾಲ ತೀರುತ್ತದೆ. ಮೂರು ಬೆಳ್ಳಿ ಎಂದರೆ ಮನೆ ಮಾಲೀಕನ ಬಾಯಿ ಮುಚ್ಚುತ್ತದೆ. ಲೆಕ್ಕ ಬರುವ ಯಾರೇ ಆದರೂ ಒಪ್ಪಿಕೊಳ್ಳುವ ಮಾತು ಅದು. ಮಗುವಿಗೂ ಅದೇ ಒಳ್ಳೆಯದು, ಮುದುಕಿಗೂ ಹೊಟ್ಟೆ ತಣ್ಣಗಿರುತ್ತದೆ. ಕೊಟ್ರವ್ವ ಸೆರಗಿನ ಗಂಟು ಬಿಚ್ಚಿದಳು. ಅಜ್ಜಿಗೆ ಸಲ್ಲಬೇಕಾದ ಒಂಬತ್ತನ್ನೂ ಒಂದೊಂದಾಗಿ ಅವಳ ಅಂಗೈಗೆ ಹಾಕಿದಳು.

ದ್ಯಾಮಜ್ಜಿ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡಳು. ಕಟ್ಟಿಕೊಂಡ ಮೇಲೆ, ತಿಂಗಳ ಲೆಕ್ಕ ಮುಗಿಯಿತಲ್ಲ, ಇನ್ನು ತಡೆದುಕೊಳ್ಳಬೇಕಾದ್ದಿರಲಿಲ್ಲ. ಮಗುವಿನ ಕಡೆ ತಿರುಗಿ ಎರಡೂ ತೋಳು ಚಾಚಿದಳು. "ಬಾರೇ ನನ್ನ ಬಂಗಾರ" ಎಂದಳು. ನಿಂಗಿ ತಲೆಯೆತ್ತಿ ನೋಡಿದಳು. ತಾಯಿಯ ಕತ್ತಿನಿಂದ ಕೈ ಬಿಡಿಸಿಕೊಂಡು, ಮಡಿಲಿಂದ ಜಾರಿ, ಕಿರುಚುತ್ತ ಓಡಿ ಹೋಗಿ ಮುದುಕಿಯ ಎದೆಗೆ ಬಿದ್ದಳು. ಸಿಟ್ಟಿನಿಂದ ಅವಳ ಮುಖಕ್ಕೆ ಪಟಪಟ ಹೊಡೆದಳು, ಹೊಡೆದು ಅಲ್ಲೇ ಮುಖವಿಟ್ಟು ಅತ್ತಳು. ದ್ಯಾಮಜ್ಜಿಯೂ ಅಳುತ್ತಿದ್ದಳು.

ಕೊಟ್ರವ್ವ ಕಾಣದವಳಂತೆ ಓಣಿಯ ಕಡೆ ಮುಖ ಮಾಡಿಕೊಂಡು ನಿಂತಳು. ತಿರುಗದೆಯೇ, "ಬರೋ ತಿಂಗಳೂ ನನ್ನ ಕಡೆ ಓಡಿ ಬರ್ತಾಳಲ್ಲ, ಅಜ್ಜಿ?" ಎಂದು ಕೇಳಿದಳು.

"ಪೂರ್ತಿ ಕೊಟ್ರೆ ಯಾಕೆ ಬರಲ್ಲ," ಎಂದಳು ದ್ಯಾಮಜ್ಜಿ, ಮಗುವಿನ ತಲೆ ಸವರುತ್ತ.